ಬಳಕೆದಾರರ ಸಂಖ್ಯೆಯೊಂದೇ ಕಾರಣವಲ್ಲ
ವಿಂಡೋಸ್‌ನಂತೆ ಕಂಪ್ಯೂಟರ್ ನಡೆಸುವ ತಂತ್ರಾಂಶವಾದ ಲಿನಕ್ಸ್ ಬಳಸುವವರು ಕಡಿಮೆ, ಅದಕ್ಕೇ ವೈರಸ್ ಕಡಿಮೆ. ನಾಳೆ ಜನಪ್ರಿಯವಾದರೆ ಅದಕ್ಕೂ ವಿಂಡೋಸ್‌ನ ಗತಿಯೇ ಅಲ್ಲವೇ ಎಂದು ಕೇಳಿದ್ದೀರಿ. ಅರ್ಧ ನಿಜ. ದುಡ್ಡಿಗಾಗಿ ಕುತಂತ್ರಾಂಶ ಬರೆಯುವವನು ಜನ ಹೆಚ್ಚಿರುವ ಕಡೆಗೇ ಬಲೆ ಬೀಸುತ್ತಾನೆ. ಆದರೆ 2001ರಲ್ಲಿ ವೆಬ್ ಸರ್ವರ್‌ಗಳಲ್ಲಿ, ಅಂದರೆ ಜಾಲತಾಣಗಳನ್ನು ಒದಗಿಸುವ ತಂತ್ರಾಂಶಗಳಲ್ಲಿ, ಅಪಾಚೆ ಎಂಬುದರದೇ ಮೇಲುಗೈ. ಕೋಡ್ ರೆಡ್ ಎಂಬ ಕುತಂತ್ರಾಂಶ ಹೊಕ್ಕಿದ್ದು ಮಾತ್ರ ಮೈಕ್ರೋಸಾಫ್ಟಿನ ವೆಬ್ ಸರ್ವರ್ ಆದ ಐಐಎಸ್‌ಗೆ. ಅಲ್ಲಿ ದೋಷವಿತ್ತು, ಪರಿಹಾರ ಬಂದಿದ್ದರೂ ಹಾಕಿಕೊಳ್ಳದವರು ಬಹಳ. ವಿಂಡೋಸ್ ಎಕ್ಸ್‌ಪಿಯಲ್ಲಂತೂ ಹೆಚ್ಚಿನವರು ಕಂಪ್ಯೂಟರಿನಲ್ಲಿ ಏನನ್ನೂ ಬದಲಿಸಬಲ್ಲ ಅಡ್ಮಿನಿಸ್ಟ್ರೇಟರ್ ಖಾತೆಯಲ್ಲೇ ದಿನದ ಕೆಲಸ ಮಾಡುತ್ತಿದ್ದರು. ಒಳಬಂದ ವೈರಸ್‌ಗೂ ಅದೇ ಅಧಿಕಾರ!

ಇನ್ನು ಲಿನಕ್ಸ್ ಬಳಕೆ ಕಡಿಮೆ ಎಂಬುದು ಡೆಸ್ಕ್‌ಟಾಪ್‌ಗಷ್ಟೇ ಸಲ್ಲುವ ಮಾತು. ಸರ್ವರ್, ರೌಟರ್, ಕ್ಯಾಮೆರಾಗಳಲ್ಲಿ ಅದು ತುಂಬಿಕೊಂಡಿದೆ. 2016ರ ಮಿರಾಯ್ ಎಂಬ ಕುತಂತ್ರಾಂಶ ಅಂಥ ಸಾಧನಗಳನ್ನೇ ಹಿಡಿಯಿತು, ಅದೂ ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಯಾರೂ ಬದಲಿಸದಿದ್ದ ಕಾರಣಕ್ಕೆ. ನಿಮ್ಮ ರೌಟರಿನದನ್ನು ಬದಲಿಸಿದ್ದೀರಾ?