ಸೋತೂ ಉಳಿದ ಸಿಡ್ನಿ, ಏಳನೇ ಸ್ಥಾನದಿಂದ ಗೆದ್ದ ಬುಲ್‌ಡಾಗ್ಸ್: 2016ರ ಎಎಫ್‌ಎಲ್ ಫೈನಲ್ಸ್ ಬಗ್ಗೆ ಓದುಗರ ಪ್ರಶ್ನೆಗಳು

ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್‌ನ ದೊಡ್ಡ ಲೀಗ್ ಆದ ಎಎಫ್‌ಎಲ್‌ನ (ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್) 2016ರ ಫೈನಲ್ಸ್ ಸರಣಿ, ಅಂದರೆ ಲೀಗ್ ಪಂದ್ಯಗಳು ಮುಗಿದ ಮೇಲೆ ಚಾಂಪಿಯನ್ ಯಾರೆಂದು ನಿರ್ಧರಿಸುವ ಹಂತ, ಕುರಿತು ಕೊಡಗಿನ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಬಾರಿಯ ಉತ್ತರ. ಹಾಕಿ ಮೈದಾನದ ಬದಿಯಲ್ಲೇ ಬೆಳೆದವರ ಪ್ರಶ್ನೆಗಳಿವು ಎಂಬುದು ಓದುತ್ತಿದ್ದಂತೆ ತಿಳಿಯುತ್ತದೆ.

ನಮ್ಮ ಕೊಡವ ಹಾಕಿಯಲ್ಲಿ ಒಮ್ಮೆ ಸೋತರೆ ಸ್ಟಿಕ್ ಕಟ್ಟಿಕೊಂಡು ಮನೆಗೆ ಹೋಗಬೇಕು. 2016ರಲ್ಲಿ ಸಿಡ್ನಿ ತಂಡ ಫೈನಲ್ಸ್‌ನ ಮೊದಲ ಪಂದ್ಯವನ್ನೇ ಸೋತಿತ್ತು. ಆದರೂ ಕಪ್ ನಿರ್ಧರಿಸುವ ಕೊನೆಯ ಪಂದ್ಯವಾದ ಗ್ರ್ಯಾಂಡ್ ಫೈನಲ್ ಆಡಿತು. ಇದು ಹೇಗೆ ಸರಿ? (ವಿರಾಜಪೇಟೆ)

2024ರಲ್ಲಿ ನಾಪೋಕ್ಲಿನ ಕೊಡವ ಕೌಟುಂಬಿಕ ಹಾಕಿಗೆ 360 ಒಕ್ಕಗಳ (ಕುಟುಂಬಗಳ) ತಂಡಗಳು ಹೆಸರು ಕೊಟ್ಟಿದ್ದವು. ಅಷ್ಟು ತಂಡಗಳಲ್ಲಿ ಒಂದನ್ನು ಆರಿಸಲು ನಾಕೌಟ್ ಬಿಟ್ಟರೆ ದಾರಿಯಿಲ್ಲ. ನಾಕೌಟ್‌ನಲ್ಲೂ 359 ಪಂದ್ಯಗಳು ಬೇಕು. ಎಎಫ್‌ಎಲ್‌ನ ಲೆಕ್ಕ ಬೇರೆ. ಅಲ್ಲಿ 2016ರಲ್ಲಿ 18 ತಂಡಗಳು ಮಾರ್ಚ್‌ನಿಂದ ಆಗಸ್ಟ್‌ವರೆಗೆ ತಲಾ 22 ಪಂದ್ಯ ಆಡಿ, ಮೊದಲ ಎಂಟು ತಂಡಗಳು ಮಾತ್ರ ಸೆಪ್ಟೆಂಬರ್‌ನ ಫೈನಲ್ಸ್‌ಗೆ ಉಳಿದವು. ಅಷ್ಟು ತಿಂಗಳು ಚೆನ್ನಾಗಿ ಆಡಿದ್ದಕ್ಕೆ ಬೆಲೆ ಸಿಗಬೇಕಲ್ಲ? ಆ ಬೆಲೆಯೇ ಮೊದಲ ನಾಲ್ಕು ತಂಡಗಳಿಗೆ ಸಿಗುವ ಎರಡನೇ ಅವಕಾಶ.

ಮೊದಲ ವಾರ 1ನೇ ತಂಡ 4ನೆಯದರ ಜೊತೆ, 2ನೆಯದು 3ನೆಯದರ ಜೊತೆ ಆಡುತ್ತದೆ. ಇವು ಕ್ವಾಲಿಫೈಯಿಂಗ್ ಫೈನಲ್. ಗೆದ್ದವರಿಗೆ ಮುಂದಿನ ವಾರ ವಿಶ್ರಾಂತಿ, ಆಮೇಲೆ ಸ್ವಂತ ಊರಿನಲ್ಲಿ ಪ್ರಿಲಿಮಿನರಿ ಫೈನಲ್, ಅದನ್ನು ಗೆದ್ದರೆ ಗ್ರ್ಯಾಂಡ್ ಫೈನಲ್. ಸೋತವರು ಹೊರಗೆ ಹೋಗುವುದಿಲ್ಲ, ಎರಡನೇ ವಾರ ಎಲಿಮಿನೇಷನ್ ಫೈನಲ್ ಗೆದ್ದವರ ಜೊತೆ ಸೆಮಿಫೈನಲ್ ಆಡುತ್ತಾರೆ. 5ನೆಯದು 8ರ ಜೊತೆ, 6ನೆಯದು 7ರ ಜೊತೆ ಆಡುವುದು ಎಲಿಮಿನೇಷನ್ ಫೈನಲ್. ಅದು ನಿಮ್ಮ ಹಾಕಿಯ ಹಾಗೆಯೇ, ಸೋತರೆ ಮುಗಿಯಿತು.

2016ರಲ್ಲಿ ಅಗ್ರಸ್ಥಾನದ ಸಿಡ್ನಿಯನ್ನು ನಾಲ್ಕನೇ ಸ್ಥಾನದ ಗ್ರೇಟರ್ ವೆಸ್ಟರ್ನ್ ಸಿಡ್ನಿ ಜೈಂಟ್ಸ್ 36 ಅಂಕಗಳಿಂದ ಸೋಲಿಸಿತು. ಜೀಲಾಂಗ್ ಕೇವಲ 2 ಅಂಕಗಳಿಂದ ಹಾಥಾರ್ನ್‌ ವಿರುದ್ಧ ಗೆದ್ದಿತು. ಅಡಿಲೇಡ್ ನಾರ್ತ್ ಮೆಲ್ಬರ್ನ್ ತಂಡವನ್ನು, ವೆಸ್ಟರ್ನ್ ಬುಲ್‌ಡಾಗ್ಸ್ ವೆಸ್ಟ್ ಕೋಸ್ಟ್ ತಂಡವನ್ನು ಮನೆಗೆ ಕಳಿಸಿದವು. ಎರಡನೇ ವಾರ ಸಿಡ್ನಿ ತನಗೆ ಸಿಕ್ಕ ಅವಕಾಶ ಬಳಸಿ ಅಡಿಲೇಡನ್ನು ಸೋಲಿಸಿತು. ಹಾಥಾರ್ನ್ ಬುಲ್‌ಡಾಗ್ಸ್‌ಗೆ ಸೋತು ಹೊರಬಿತ್ತು. 2013, 2014, 2015ರ ಚಾಂಪಿಯನ್ ಆಗಿದ್ದ ತಂಡದ ಓಟ ಅಲ್ಲಿಗೆ ನಿಂತಿತು.

ಮೂರನೇ ವಾರ, ಅಂದರೆ ಪ್ರಿಲಿಮಿನರಿ ಫೈನಲ್‌ನಲ್ಲಿ, ದಾರಿಗಳು ಅಡ್ಡ ಹಾಯುತ್ತವೆ. ಸಿಡ್ನಿಗೆ ಮತ್ತೆ ಜೈಂಟ್ಸ್ ಸಿಗದೆ ಆಚೆ ಬದಿಯ ಜೀಲಾಂಗ್ ಸಿಕ್ಕಿತು, ಬುಲ್‌ಡಾಗ್ಸ್‌ಗೆ ಜೈಂಟ್ಸ್ ಸಿಕ್ಕಿತು. ಹದಿನೈದು ದಿನದಲ್ಲಿ ಅದೇ ಎರಡು ತಂಡ ಮತ್ತೆ ಎದುರಾಗಬಾರದೆಂದು ಮಾಡಿರುವ ವ್ಯವಸ್ಥೆ ಇದು. ಸಿಡ್ನಿ 37 ಅಂಕಗಳಿಂದ ಗೆದ್ದು ಗ್ರ್ಯಾಂಡ್ ಫೈನಲ್ ತಲುಪಿತು. ಹಾಗಾಗಿ ಸಿಡ್ನಿ ಅನ್ಯಾಯವಾಗಿ ಉಳಿಯಲಿಲ್ಲ. ಲೀಗ್‌ನಲ್ಲಿ 17 ಪಂದ್ಯ ಗೆದ್ದು ಗಳಿಸಿಕೊಂಡ ಹಕ್ಕನ್ನು ಬಳಸಿಕೊಂಡಿತು, ಅಷ್ಟೇ.

ಫಲಿತಾಂಶದಲ್ಲಿ 13.11, ಆಮೇಲೆ 89 ಅಂತ ಬರೆದಿರುತ್ತದೆ. ಇದನ್ನು ಓದುವುದು ಹೇಗೆ? (ಗೋಣಿಕೊಪ್ಪ)

ಚುಕ್ಕಿಯ ಎಡಕ್ಕಿರುವುದು ಗೋಲು, ಬಲಕ್ಕಿರುವುದು ಬಿಹೈಂಡ್. ಗೋಲಿಗೆ 6, ಬಿಹೈಂಡ್‌ಗೆ 1. 13 ಗೋಲಿಗೆ 78, ಅದಕ್ಕೆ 11 ಸೇರಿಸಿದರೆ 89. ಮೈದಾನದ ಪ್ರತಿ ತುದಿಯಲ್ಲಿ ನಾಲ್ಕು ಕಂಬಗಳು, ಒಂದಕ್ಕೊಂದು 6.4 ಮೀಟರ್ ಅಂತರ. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಚೆಂಡು ಕಾಲಿನ ಹೊಡೆತದಿಂದ, ಬೇರೆ ಯಾರನ್ನೂ ಮುಟ್ಟದೆ ದಾಟಿದರೆ ಮಾತ್ರ ಗೋಲು. ಎತ್ತರದ ಕಂಬಕ್ಕೆ ತಾಗಿದರೆ, ಯಾರದ್ದಾದರೂ ಕೈಗೆ ಸವರಿದರೆ, ಇಲ್ಲವೇ ಪಕ್ಕದ ಗಿಡ್ಡ ಕಂಬದ ಒಳಗಿಂದ ಹೋದರೆ ಒಂದೇ ಅಂಕ. ಗೋಲಾದರೆ ಗೋಲ್ ಅಂಪೈರ್ ಎರಡು ಬಾವುಟ ಬೀಸುತ್ತಾರೆ, ಬಿಹೈಂಡ್ ಆದರೆ ಒಂದು. ಟಿವಿಯಲ್ಲಿ ಗದ್ದಲದ ನಡುವೆ ಬಾವುಟ ನೋಡಿದರೆ ಸಾಕು.

ಏಳನೇ ಸ್ಥಾನದ ತಂಡ ಕಪ್ ಗೆದ್ದದ್ದು ಅದೃಷ್ಟವಲ್ಲವೇ? (ಪೊನ್ನಂಪೇಟೆ)

ಅಲ್ಲ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಏಕೆಂದರೆ ‘ಏಳನೇ ಸ್ಥಾನ’ ಎಂಬುದನ್ನಷ್ಟೇ ಕೇಳಿದರೆ ತಪ್ಪು ಚಿತ್ರ ಮೂಡುತ್ತದೆ. ಆ ವರ್ಷದ ಪಾಯಿಂಟ್ ಪಟ್ಟಿ ನೋಡಿ. ಸಿಡ್ನಿ, ಜೀಲಾಂಗ್, ಹಾಥಾರ್ನ್ ಮೂರಕ್ಕೂ 17 ಗೆಲುವು. ಜೈಂಟ್ಸ್, ಅಡಿಲೇಡ್, ವೆಸ್ಟ್ ಕೋಸ್ಟ್ ಮೂರಕ್ಕೂ 16. ಬುಲ್‌ಡಾಗ್ಸ್‌ಗೆ 15. ಎಂಟನೆಯ ನಾರ್ತ್ ಮೆಲ್ಬರ್ನ್‌ಗೆ 12. ಗೆಲುವು ಸಮನಾದಾಗ ಸ್ಥಾನ ನಿರ್ಧರಿಸುವುದು ಪರ್ಸೆಂಟೇಜ್, ಅಂದರೆ ಗಳಿಸಿದ ಅಂಕವನ್ನು ಬಿಟ್ಟುಕೊಟ್ಟ ಅಂಕದಿಂದ ಭಾಗಿಸಿ ನೂರರಿಂದ ಗುಣಿಸಿದ ಸಂಖ್ಯೆ. ಅಗ್ರಸ್ಥಾನಕ್ಕೂ ಏಳನೆಯದಕ್ಕೂ ನಡುವೆ ಇದ್ದದ್ದು ಎರಡೇ ಗೆಲುವು, ಏಳಕ್ಕೂ ಎಂಟಕ್ಕೂ ನಡುವೆ ಮೂರು. ಸ್ಥಾನ ಏಳಾದರೂ ಬಲದಲ್ಲಿ ಅದು ಮೇಲಿನ ಗುಂಪಿನ ತಂಡವೇ.

ಎರಡನೆಯ ಸಂಗತಿ ವಿರಾಮ. ಲೀಗ್‌ನ ಕೊನೆಯ ಸುತ್ತಿಗೂ ಫೈನಲ್ಸ್‌ಗೂ ನಡುವೆ ಒಂದು ವಾರ ಖಾಲಿ ಬಿಡುವ ಕ್ರಮ ಶುರುವಾದದ್ದೇ 2016ರಲ್ಲಿ. ಹಿಂದಿನ ವರ್ಷ ಕೆಲವು ತಂಡಗಳು ಕೊನೆಯ ಸುತ್ತಿನಲ್ಲಿ ಮುಖ್ಯ ಆಟಗಾರರನ್ನು ಕೂರಿಸಿ, ಆ ಪಂದ್ಯಗಳೇ ಸಪ್ಪೆಯಾಗಿದ್ದವು. ಅದನ್ನು ತಡೆಯಲು ತಂದ ವಿರಾಮದಿಂದ ಹೆಚ್ಚು ಲಾಭ ಪಡೆದದ್ದು ಬುಲ್‌ಡಾಗ್ಸ್. ಗಾಯಾಳುಗಳ ಪಟ್ಟಿ ಉದ್ದವಿದ್ದ ತಂಡಕ್ಕೆ ಜ್ಯಾಕ್ ಮೆಕ್ರೇ, ಟಾಮ್ ಲಿಬರಟೋರ್ ಮರಳಿದರು. ನಾಯಕ ಬಾಬ್ ಮರ್ಫಿ ಮಾತ್ರ ಮೂರನೇ ಸುತ್ತಿನಲ್ಲೇ ಮೊಣಕಾಲಿನ ಲಿಗಮೆಂಟ್ ಹರಿದು ವರ್ಷವಿಡೀ ಹೊರಗುಳಿದರು. ಅವರ ಬದಲು ಮುಂದಾಳಾದದ್ದು ಈಸ್ಟನ್ ವುಡ್.

ಮೂರನೆಯದು ಆಟದ ರೀತಿ. ತರಬೇತುದಾರ ಲ್ಯೂಕ್ ಬೆವರಿಜ್ 2015ರಲ್ಲಿ ಬಂದಾಗ ಇದು ಹಿಂದಿನ ವರ್ಷ 14ನೇ ಸ್ಥಾನ ಪಡೆದಿದ್ದ ತಂಡ. ಅವರು ಒತ್ತು ಕೊಟ್ಟದ್ದು ಇಕ್ಕಟ್ಟಿನಲ್ಲಿ ಚೆಂಡು ಗೆಲ್ಲುವುದಕ್ಕೆ ಮತ್ತು ಹ್ಯಾಂಡ್‌ಬಾಲ್‌ಗೆ. ಈ ಆಟದಲ್ಲಿ ಚೆಂಡನ್ನು ಎಸೆಯುವಂತಿಲ್ಲ. ಒಂದು ಅಂಗೈಯಲ್ಲಿಟ್ಟು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಿ ಕಳಿಸಬೇಕು. ಬುಲ್‌ಡಾಗ್ಸ್ ಹುಡುಗರು ಗುಂಪಿನೊಳಗೆ ಎರಡು ಮೂರು ಮೀಟರ್ ದೂರದ ಹ್ಯಾಂಡ್‌ಬಾಲ್‌ಗಳನ್ನು ಒಂದರ ಹಿಂದೊಂದು ಆಡಿ, ಎದುರಾಳಿ ಟ್ಯಾಕಲ್ ಮಾಡುವಷ್ಟರಲ್ಲಿ (ಹಿಡಿದು ತಡೆಯುವಷ್ಟರಲ್ಲಿ) ಚೆಂಡನ್ನು ಬಯಲಿಗೆ ತರುತ್ತಿದ್ದರು. ಸಣ್ಣ ಪಾಸ್‌ಗಳ ಹಾಕಿ ಆಡಿದವರಿಗೆ ಇದರ ಬೆಲೆ ಹೇಳಬೇಕಿಲ್ಲ. ಇದರಲ್ಲಿ ಅಪಾಯವೂ ಇದೆ. ಒಂದು ಹ್ಯಾಂಡ್‌ಬಾಲ್ ತಪ್ಪಿದರೆ ಹಿಂದೆ ಕಾವಲಿಗೆ ಯಾರೂ ಇರುವುದಿಲ್ಲ. ಹಾಗಾಗಿ ಹತ್ತಿರದಲ್ಲೇ ಇನ್ನಿಬ್ಬರು ಓಡುತ್ತಿರಲೇಬೇಕು, ಅದಕ್ಕೆ ಎಳೆಯ ಕಾಲುಗಳು ಬೇಕು. ತಂಡದ ಮುಖ್ಯ ಆಟಗಾರ ಮಾರ್ಕಸ್ ಬೊಂಟೆಂಪೆಲ್ಲಿಗೆ ಆಗ 20 ವರ್ಷ.

ಇಷ್ಟಾದರೂ ದಾರಿ ಕಠಿಣವೇ ಆಗಿತ್ತು. ಸೆಪ್ಟೆಂಬರ್ 8ರಂದು, ಅಂದರೆ ಇಲ್ಲಿ ಕೊಡವರ ಆಯುಧ ಹಬ್ಬ ಕೈಲ್‌ಪೊಳ್ದ್ ಮುಗಿದ ವಾರ, ಖಂಡ ದಾಟಿ ಪರ್ತ್‌ಗೆ ಹೋಗಿ ವೆಸ್ಟ್ ಕೋಸ್ಟ್ ವಿರುದ್ಧ 99–52ರಿಂದ ಗೆದ್ದರು. ಮೆಲ್ಬರ್ನ್‌ನಲ್ಲಿ ಹಾಥಾರ್ನ್ ವಿರುದ್ಧ 107–84. ಸಿಡ್ನಿಗೆ ಹೋಗಿ, ಒಂದು ವಾರ ವಿಶ್ರಾಂತಿ ಪಡೆದಿದ್ದ ಜೈಂಟ್ಸ್ ವಿರುದ್ಧ 89–83. ಈ ಕೊನೆಯದೇ ಸರಣಿಯ ಅತ್ಯುತ್ತಮ ಪಂದ್ಯ ಎಂಬುದು ನಮ್ಮ ಅಭಿಪ್ರಾಯ. ಮೂರು ಸಲ ಮೊಣಕಾಲಿನ ದೊಡ್ಡ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ ಕ್ಲೇ ಸ್ಮಿತ್ ಅಲ್ಲಿ 4 ಗೋಲು ಹೊಡೆದರು. ನಾಲ್ಕೂ ವಾರ ಬಿಡುವಿಲ್ಲದೆ ಗೆದ್ದು, ಏಳನೇ ಸ್ಥಾನದಿಂದ ಕಪ್ ಎತ್ತಿದ ಮೊದಲ ತಂಡವಾಯಿತು ಬುಲ್‌ಡಾಗ್ಸ್. ಕ್ಲಬ್‌ನ ಹೆಸರು ಫುಟ್‌ಸ್ಕ್ರೇ ಎಂದಿದ್ದ ಕಾಲದಲ್ಲಿ, 1954ರಲ್ಲಿ, ಗೆದ್ದದ್ದು ಬಿಟ್ಟರೆ ಅವರಿಗೆ ಬೇರೆ ಕಪ್ ಇರಲಿಲ್ಲ.

ಜೀಲಾಂಗ್–ಹಾಥಾರ್ನ್ ಪಂದ್ಯದಲ್ಲಿ ಸೈರನ್ ಆದಮೇಲೂ ಹಾಥಾರ್ನ್‌ನ ಐಸಾಕ್ ಸ್ಮಿತ್ ಚೆಂಡು ಒದ್ದರು. ಸಮಯ ಮುಗಿದಿರಲಿಲ್ಲವೇ? (ಮಡಿಕೇರಿ)

ಮುಗಿದಿತ್ತು. ಆದರೆ 15 ಮೀಟರ್‌ಗಿಂತ ಹೆಚ್ಚು ದೂರದಿಂದ ಒದ್ದು ಬಂದ ಚೆಂಡನ್ನು ನೆಲ ಮುಟ್ಟುವ ಮೊದಲೇ ಹಿಡಿದರೆ ಅದು ‘ಮಾರ್ಕ್’. ಹಿಡಿದವರಿಗೆ ಅಡ್ಡಿಯಿಲ್ಲದ ಒದೆತ ಸಿಗುತ್ತದೆ. ಮಾರ್ಕ್ ಸೈರನ್‌ಗೆ ಮೊದಲೇ ಆಗಿದ್ದರೆ ಆ ಒದೆತ ಉಳಿಯುತ್ತದೆ. ಹಾಕಿಯಲ್ಲಿ ಸಮಯ ಮುಗಿದರೂ ಪೆನಾಲ್ಟಿ ಕಾರ್ನರ್ ಪೂರ್ತಿ ಮಾಡಿಸುತ್ತಾರಲ್ಲ, ಹಾಗೆ. ಒದೆಯುವವರು ಮಾರ್ಕ್‌ನ ಗೆರೆಯಿಂದ ಪಕ್ಕಕ್ಕೆ ಸರಿದು ಓಡುವಂತಿಲ್ಲ, ಸರಿದರೆ ಅಲ್ಲಿಗೇ ಪಂದ್ಯ ಮುಕ್ತಾಯ. ಸ್ಮಿತ್ ಒದೆತ ಗುರಿ ತಪ್ಪಿ ಅಂತಿಮ ಸ್ಕೋರ್ 85–83 ಆಯಿತು. ಗೋಲಾಗಿದ್ದರೆ ವಿಶ್ರಾಂತಿಯ ವಾರ ಹಾಥಾರ್ನ್‌ಗೆ ಸಿಗುತ್ತಿತ್ತು, ಬುಲ್‌ಡಾಗ್ಸ್‌ಗೆ ಸೆಮಿಫೈನಲ್‌ನಲ್ಲಿ ಜೀಲಾಂಗ್ ಎದುರಾಗುತ್ತಿತ್ತು.

ಗ್ರ್ಯಾಂಡ್ ಫೈನಲ್ ತಿರುಗಿದ್ದು ಎಲ್ಲಿ? ಅಂಪೈರಿಂಗ್ ಬಗ್ಗೆ ಸಿಡ್ನಿಯವರ ದೂರು ನಿಜವೇ? (ಸೋಮವಾರಪೇಟೆ)

ಅಕ್ಟೋಬರ್ 1, ಮೆಲ್ಬರ್ನ್ ಕ್ರಿಕೆಟ್ ಗ್ರೌಂಡ್, 99,981 ಪ್ರೇಕ್ಷಕರು. ಅರ್ಧ ವಿರಾಮಕ್ಕೆ ಸಿಡ್ನಿ 2 ಅಂಕ ಮುಂದೆ, ಮೂರನೇ ಕ್ವಾರ್ಟರ್ ಮುಗಿದಾಗ ಬುಲ್‌ಡಾಗ್ಸ್ 8 ಅಂಕ ಮುಂದೆ. ಕೊನೆಯ ಕ್ವಾರ್ಟರ್‌ನಲ್ಲಿ ಬುಲ್‌ಡಾಗ್ಸ್‌ನ ಜೇಸನ್ ಜೊಹಾನಿಸನ್ ಹೊಡೆದ ಗೋಲನ್ನು, ಚೆಂಡು ಕೈಗೆ ಸವರಿದೆ ಎಂದು ವಿಡಿಯೋ ನೋಡಿ ರದ್ದು ಮಾಡಿದರು. ಆಮೇಲೆ ಬಂದದ್ದೇ ಆ ಗಳಿಗೆ. ಸಿಡ್ನಿಯ ದೊಡ್ಡ ಗೋಲುಗಾರ ಲ್ಯಾನ್ಸ್ ಫ್ರಾಂಕ್ಲಿನ್ ಚೆಂಡು ಹಿಡಿದು ತಿರುಗುವಷ್ಟರಲ್ಲಿ ಬುಲ್‌ಡಾಗ್ಸ್‌ನ ಡೇಲ್ ಮಾರಿಸ್ ಹಿಂದಿನಿಂದ ತಬ್ಬಿ ಬೀಳಿಸಿದರು. ಚೆಂಡು ಜಾರಿತು. ಅವರದೇ ತಂಡದ ಟಾಮ್ ಬಾಯ್ಡ್ ಅದನ್ನೆತ್ತಿ ಬಹು ದೂರದಿಂದ ಒದ್ದರು. ಗೋಲಿನ ಮುಂದೆ ಯಾರೂ ಇರಲಿಲ್ಲ. ಮೊಟ್ಟೆಯಾಕಾರದ ಚೆಂಡು ನೆಲಕ್ಕೆ ಬಿದ್ದರೆ ಯಾವ ಕಡೆ ಪುಟಿಯುತ್ತದೋ ಹೇಳಲಾಗದು, ಅಂದು ನೇರವಾಗಿ ಪುಟಿದು ನಡುವಿನ ಕಂಬಗಳ ಮಧ್ಯೆ ಹೋಯಿತು. ಅಂತರ ಎರಡು ಗೋಲು ದಾಟಿತು. ಕೊನೆಗೆ 89–67. ಬಾಯ್ಡ್, ಲಿಯಮ್ ಪಿಕನ್ ತಲಾ 3 ಗೋಲು. ಪಂದ್ಯಶ್ರೇಷ್ಠ ಆಟಗಾರನಿಗೆ ಕೊಡುವ ನಾರ್ಮ್ ಸ್ಮಿತ್ ಪದಕ ಜೊಹಾನಿಸನ್‌ಗೆ. ಬೆವರಿಜ್ ತಮ್ಮ ಕೊರಳಿನ ಪದಕ ತೆಗೆದು ಮರ್ಫಿಗೆ ತೊಡಿಸಿದ್ದು ಆ ಸಂಜೆಯ ವೇದಿಕೆಯಲ್ಲೇ.

ದೂರಿನ ವಿಷಯ: ಫ್ರೀ ಕಿಕ್‌ಗಳ ಲೆಕ್ಕ ಬುಲ್‌ಡಾಗ್ಸ್ 20, ಸಿಡ್ನಿ 8. ಸಿಡ್ನಿಯ ಡ್ಯಾನ್ ಹ್ಯಾನಬರಿಯ ಮೊಣಕಾಲಿಗೆ ಈಸ್ಟನ್ ವುಡ್ ಜಾರಿ ಬಂದು ತಾಗಿದಾಗ ಫ್ರೀ ಕಿಕ್ ಸಿಗಲಿಲ್ಲ, ಹ್ಯಾನಬರಿ ಗಾಯಗೊಂಡರು. ಕಾಲಿನ ಕೆಳಭಾಗಕ್ಕೆ ತಾಗುವುದನ್ನು ತಡೆಯುವ ನಿಯಮ ಇದ್ದದ್ದರಿಂದ ಸಿಡ್ನಿಯವರ ನೋವಿಗೆ ಆಧಾರವಿದೆ. ಆದರೆ ಲೆಕ್ಕದ ಅಂತರವೊಂದೇ ಪಕ್ಷಪಾತಕ್ಕೆ ಸಾಕ್ಷಿಯಾಗದು. ಚೆಂಡಿನ ಮೇಲೆ ಮೊದಲು ಬೀಳುವ ತಂಡಕ್ಕೆ ಫ್ರೀ ಕಿಕ್ ಹೆಚ್ಚು ಸಿಗುವುದು ಈ ಆಟದ ಸ್ವಭಾವ.

ಸಮ ಆಗಿದ್ದರೆ? (ಕುಶಾಲನಗರ)

2010ರಲ್ಲಿ ಕಾಲಿಂಗ್‌ವುಡ್–ಸೇಂಟ್ ಕಿಲ್ಡಾ ಗ್ರ್ಯಾಂಡ್ ಫೈನಲ್ 68–68 ಆಗಿ, ಮುಂದಿನ ಶನಿವಾರ ಮತ್ತೆ ಆಡಿಸಿದರು. ಕಾಲಿಂಗ್‌ವುಡ್ 108–52ರಿಂದ ಗೆದ್ದಿತು. 2016ರ ಹೊತ್ತಿಗೆ ಮರುಪಂದ್ಯ ರದ್ದಾಗಿ ಹೆಚ್ಚುವರಿ ಸಮಯದ ನಿಯಮ ಬಂದಿತ್ತು. ಅದರ ಅಗತ್ಯ ಬೀಳಲಿಲ್ಲ.

ನಮ್ಮೂರಿನ ಎಂಟು ತಂಡಗಳ ಹಾಕಿ ಟೂರ್ನಿಗೆ ಈ ಪದ್ಧತಿ ತರಬೇಕೆಂದಿದ್ದೇವೆ. ಹೇಗೆ ಮಾಡುವುದು? (ನಾಪೋಕ್ಲು)

ಎರಡು ದಿನದ ಟೂರ್ನಿಯಾದರೆ ಬೇಡ, ನಾಕೌಟ್‌ನ 7 ಪಂದ್ಯಗಳೇ ಚೆನ್ನ. ಈ ಪದ್ಧತಿಗೆ 9 ಪಂದ್ಯ ಬೇಕು: ಮೊದಲ ಸುತ್ತಿಗೆ 4, ಆಮೇಲೆ 2, 2, 1. ಅದಕ್ಕೂ ಮುಂಚೆ ಒಂದರಿಂದ ಎಂಟರವರೆಗೆ ಸ್ಥಾನ ನಿಗದಿಯಾಗಿರಬೇಕು. ಎಲ್ಲ ತಂಡಗಳೂ ಪರಸ್ಪರ ಒಮ್ಮೆ ಆಡಿದರೆ 28 ಪಂದ್ಯ, ದಿನಕ್ಕೆ ನಾಲ್ಕರಂತೆ 7 ದಿನ. ಫೈನಲ್ಸ್‌ಗೆ 4 ದಿನ. ಶನಿವಾರ–ಭಾನುವಾರ ಮಾತ್ರ ಆಡಿದರೆ ಆರು ವಾರಾಂತ್ಯಗಳಲ್ಲಿ ಮುಗಿಯುತ್ತದೆ. ಕಾಫಿ ಕುಯ್ಲು ಮುಗಿಯುತ್ತಿದ್ದಂತೆ ಫೆಬ್ರುವರಿ ಕೊನೆಗೆ ಶುರು ಮಾಡಿದರೆ ಕೌಟುಂಬಿಕ ಹಾಕಿಗೆ ಮೊದಲೇ ಮೈದಾನ ಬಿಟ್ಟುಕೊಡಬಹುದು.

ಕೆಡುವುದು ಮುಖ್ಯವಾಗಿ ಮೂರು ಕಡೆ. ಚೀಟಿ ಎತ್ತಿ ಸ್ಥಾನ ಕೊಟ್ಟರೆ ಎರಡನೇ ಅವಕಾಶ ಆಡಿ ಗಳಿಸಿದ್ದಾಗುವುದಿಲ್ಲ, ಜಗಳ ಖಂಡಿತ. ಸೆಮಿಫೈನಲ್ ಗೆದ್ದವರನ್ನು ಅಡ್ಡ ಹಾಯಿಸದೆ ಅದೇ ಬದಿಗೆ ಬಿಟ್ಟರೆ ಮೊದಲ ದಿನ ಸೋಲಿಸಿದ ತಂಡವೇ ಮತ್ತೆ ಎದುರು ಬರುತ್ತದೆ. 1–4 ಪಂದ್ಯದ ವಿಜೇತರಿಗೆ, 2–3ರಲ್ಲಿ ಸೋತವರು ಆಡಿದ ಸೆಮಿಫೈನಲ್‌ನ ವಿಜೇತರನ್ನೇ ಹಾಕಿ. ಸಮಯ ಉಳಿಸಲೆಂದು ಸೆಮಿಫೈನಲ್ ಮತ್ತು ಪ್ರಿಲಿಮಿನರಿಯನ್ನು ಒಂದೇ ದಿನ ಇಡಬೇಡಿ. ಬೆಳಿಗ್ಗೆ ಆಡಿದ ತಂಡ ಮಧ್ಯಾಹ್ನ, ವಿಶ್ರಾಂತಿ ಪಡೆದ ತಂಡದ ಮುಂದೆ ನಿಲ್ಲಲಾರದು. ಸಮಬಲಕ್ಕೆ ಗೋಲು ವ್ಯತ್ಯಾಸವೋ ಶೂಟೌಟೋ ಎಂಬುದನ್ನು ಮೊದಲ ಪಂದ್ಯದ ಮುಂಚೆಯೇ ಬರೆದು ಎಂಟೂ ನಾಯಕರ ಸಹಿ ಹಾಕಿಸಿಟ್ಟುಕೊಳ್ಳಿ.