ಸಂಗೀತ ಸಂದೇಹ: ‘ಇನ್ ದ ಮೂಡ್’ ಶ್ರುತಿ ಯಾವುದು, ವೇಗ ಎಷ್ಟು?

ಪ್ರಶ್ನೆ: ಪ್ಲಾಂಟರ್ಸ್ ಕ್ಲಬ್ಬಿನ ಹೊಸ ವರ್ಷದ ಕಾರ್ಯಕ್ರಮಕ್ಕೆ ಅಮೆರಿಕದ ಗ್ಲೆನ್ ಮಿಲ್ಲರ್ ಜಾಝ್ ತಂಡದ ‘ಇನ್ ದ ಮೂಡ್’ ನುಡಿಸಬೇಕಿದೆ. ಮೊಬೈಲ್ ಆ್ಯಪ್ ಒಮ್ಮೆ ವೇಗ ನಿಮಿಷಕ್ಕೆ 84 ಪೆಟ್ಟು ಅನ್ನುತ್ತದೆ, ಇನ್ನೊಮ್ಮೆ 168. ಶ್ರುತಿಯೂ ಕೀಬೋರ್ಡಿನ ಎರಡು ಮನೆಗಳ ನಡುವೆ ನಿಂತಂತೆ ಕೇಳುತ್ತದೆ. ಯಾವುದನ್ನು ನಂಬಲಿ?
– ಓದುಗರು, ಮೂಡಿಗೆರೆ

ಉತ್ತರ: ಎರಡು ಅಂಕಿಯೂ ಒಂದೇ. ಆ್ಯಪ್ ಒಮ್ಮೆ ಪ್ರತಿ ಪೆಟ್ಟನ್ನೂ ಎಣಿಸುತ್ತದೆ, ಒಮ್ಮೆ ಪೆಟ್ಟು ಬಿಟ್ಟು ಪೆಟ್ಟು ಎಣಿಸುತ್ತದೆ. ಬೇಸ್ ಗಿಟಾರಿನವರು ಪ್ರತಿ ಬಾರ್‌ಗೆ (ನಾಲ್ಕು ಪೆಟ್ಟಿನ ಒಂದು ಸುತ್ತಿಗೆ) ನಾಲ್ಕು ಸ್ವರ ನಡೆಸುವುದರಿಂದ ದೊಡ್ಡ ಅಂಕಿಯನ್ನೇ ಹಿಡಿಯಿರಿ. ಕೇಳುವ ಪ್ರತಿಗೆ ತಕ್ಕಂತೆ ಅದು 160ರಿಂದ 175ರೊಳಗೆ ಇರುತ್ತದೆ. ಕುಣಿಯುವವರಿಗೆ 160 ಹಿತ.

ಶ್ರುತಿ ಎ ಫ್ಲಾಟ್ ಮೇಜರ್, ಹಾರ್ಮೋನಿಯಂನವರ ಮಾತಿನಲ್ಲಿ ಕಪ್ಪು ನಾಲ್ಕು. ಇದು 1939ರ ಆಗಸ್ಟ್ 1ರಂದು 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು) ಗ್ರಾಮಫೋನ್ ತಟ್ಟೆಗಾಗಿ ಧ್ವನಿಮುದ್ರಣವಾದದ್ದು. ತಟ್ಟೆಯಿಂದ ಕಂಪ್ಯೂಟರಿಗೆ ಇಳಿಸುವಾಗ ವೇಗ ನೂರಕ್ಕೆ ಆರರಷ್ಟು ಹೆಚ್ಚಾದರೆ ಶ್ರುತಿ ಪೂರ್ತಿ ಒಂದು ಮನೆ ಏರುತ್ತದೆ, ಮೂರರಷ್ಟಾದರೆ ಅರ್ಧ ಮನೆ. ನಿಮ್ಮ ಪ್ರತಿಗೆ ಆಗಿರುವುದು ಬಹುಶಃ ಇದೇ. ಅಭ್ಯಾಸದ ಆಡಿಯೊವನ್ನು ಎ ಫ್ಲಾಟ್‌ಗೆ ಕೂಡುವವರೆಗೆ ಸರಿಸಿಕೊಳ್ಳಿ. ಅದಕ್ಕೆ ಹೊಂದಿಸಲು ವಾದ್ಯ ತಿರುಚಬೇಡಿ.

ಇಷ್ಟು ಸಿಕ್ಕರೂ ಹಾಡು ಸಿಕ್ಕಂತಲ್ಲ, ಕಷ್ಟವಿರುವುದು ನಡೆಯಲ್ಲಿ. ಒಂದು ಪೆಟ್ಟಿನೊಳಗೆ ‘ತಕಿಟ’ ಹೇಳಿ. ‘ತ’ ಮತ್ತು ‘ಟ’ ಮಾತ್ರ ನುಡಿಸಿ, ‘ಕಿ’ಯನ್ನು ‘ತ’ದೊಳಗೇ ಎಳೆಯಿರಿ. ಅದೇ ಸ್ವಿಂಗ್. ಆದರೆ 160 ದಾಟಿದ ಮೇಲೆ ಈ ಎರಡಕ್ಕೊಂದರ ಲೆಕ್ಕ ಹಾಗೇ ಉಳಿಯುವುದಿಲ್ಲ, ಎಳೆತ ತುಸು ಕಡಿಮೆಯಾಗಬೇಕು. ಲೆಕ್ಕಕ್ಕೇ ಅಂಟಿಕೊಂಡರೆ ಕುಂಟಿದಂತೆ ಕೇಳುತ್ತದೆ. ಕಂಪ್ಯೂಟರಿನಲ್ಲಿ ಸ್ವಿಂಗ್ ಅಳತೆ ಇದ್ದರೆ 50 ಎಂದರೆ ಸಮಪಾಲು, 66 ಎಂದರೆ ಪೂರ್ತಿ ತಿಸ್ರ (ಮೇಲೆ ಹೇಳಿದ ಎರಡಕ್ಕೊಂದು). ಈ ವೇಗಕ್ಕೆ 58ರಿಂದ 62 ಸಾಕು.

ಇನ್ನೊಂದು ‘ಮೂರು’ ಇದೆ, ಅದನ್ನು ಇದರೊಂದಿಗೆ ಕಲಸಬೇಡಿ. ಸ್ಯಾಕ್ಸೊಫೋನುಗಳ ಪ್ರಸಿದ್ಧ ಪಲ್ಲವಿ ಕಾರ್ಡಿನ (ಒಟ್ಟಿಗೆ ನುಡಿಯುವ ಸ್ವರಗುಚ್ಛದ) ಮೂರು ಸ್ವರಗಳದ್ದೇ (ಸ, ಅಂತರ ಗಾಂಧಾರ, ಪ). ಆ ಮೂರರ ಗುಂಪು ನಾಲ್ಕರ ತಾಳದ ಮೇಲೆ ಜಾರುತ್ತ ಹೋಗುತ್ತದೆ, ಹಾಗಾಗಿ ಗುಂಪಿನ ಮೊದಲ ಸ್ವರ ಪ್ರತಿ ಸಲ ಬೇರೆ ಜಾಗಕ್ಕೆ ಬೀಳುತ್ತದೆ. ಮೃದಂಗದವರಿಗೆ ಇದು ಹೊಸದೇನಲ್ಲ. ಕಲಿಯುವವರು ಗುಂಪಿಗೊಂದು ಪೆಟ್ಟು ಕೊಟ್ಟು ಸಮ ಕಳೆದುಕೊಳ್ಳುತ್ತಾರೆ. ಕಾಲಲ್ಲಿ ನಾಲ್ಕು ತಟ್ಟುತ್ತ, ಮೊದಲು 100ರ ವೇಗದಲ್ಲಿ ಬಾಯಲ್ಲಿ ಹೇಳಿಕೊಳ್ಳಿ.

ಮೊದಲ ಭಾಗ 12 ಬಾರ್‌ಗಳ ಬ್ಲೂಸ್ (ಕಾರ್ಡಿನ ಮುಂದಿನ ಅಂಕಿ ಅದು ಎಷ್ಟು ಬಾರ್ ಎಂಬುದು): ಎ ಫ್ಲಾಟ್ 4, ಡಿ ಫ್ಲಾಟ್ 2, ಎ ಫ್ಲಾಟ್ 2, ಇ ಫ್ಲಾಟ್ ಸೆವೆನ್ 2, ಎ ಫ್ಲಾಟ್ 2. ಮುಂದೆ ಇಬ್ಬರು ಟೆನರ್ ಸ್ಯಾಕ್ಸಿನವರ ಸವಾಲ್–ಜವಾಬು ಬರುತ್ತದೆ. ಮೂಲದಲ್ಲಿ ನುಡಿಸಿದವರು ಟೆಕ್ಸ್ ಬೆನಕಿ, ಅಲ್ ಕ್ಲಿಂಕ್. ನಿಮ್ಮಲ್ಲಿ ಒಂದೇ ಸ್ಯಾಕ್ಸ್ ಇದ್ದರೆ ಜವಾಬಿಗೆ ಕ್ಲಾರಿನೆಟ್ ಸಾಕು.

ಪ್ರಶ್ನೆ: ನಮ್ಮದು ಮದುವೆ ಬ್ಯಾಂಡು. ‘ಇನ್ ದ ಮೂಡ್’ಗೆ ಎಲ್ಲರಿಗೂ ಒಂದೇ ನೊಟೇಶನ್ ಕೊಟ್ಟೆವು, ಒಬ್ಬರಿಗೊಬ್ಬರು ಕೂಡುತ್ತಲೇ ಇಲ್ಲ.
– ಓದುಗರು, ಹಾಸನ

ಉತ್ತರ: ಕೂಡುವುದೂ ಇಲ್ಲ. ಟ್ರಂಪೆಟ್, ಕ್ಲಾರಿನೆಟ್, ಟೆನರ್ ಸ್ಯಾಕ್ಸ್ ಬಿ ಫ್ಲಾಟ್ ವಾದ್ಯಗಳು, ಅಂದರೆ ಸಿ ಎಂದು ಬರೆದದ್ದು ಅವುಗಳಲ್ಲಿ ಬಿ ಫ್ಲಾಟ್ ಆಗಿ ಕೇಳುತ್ತದೆ. ಅವರಿಗೆ ಬಿ ಫ್ಲಾಟ್‌ನಲ್ಲಿ ಬರೆಯಿರಿ. ಆಲ್ಟೊ ಸ್ಯಾಕ್ಸಿಗೆ ಎಫ್. ಟ್ರಾಂಬೋನ್, ಬೇಸ್, ಕೀಬೋರ್ಡಿಗೆ ಇದ್ದಂತೆ ಎ ಫ್ಲಾಟ್. ಗಿಟಾರಿಸ್ಟ್ ಗೊಣಗಿದರೆ ಮೊದಲ ಫ್ರೆಟ್ಟಿಗೆ ಕೇಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿ ಜಿ ಕಾರ್ಡುಗಳನ್ನೇ ಹಿಡಿಯಲಿ. ಕೀಬೋರ್ಡಿನವರು ಸಿ ಬಿಟ್ಟು ಬರಲೊಲ್ಲೆ ಅಂದರೆ ಟ್ರಾನ್ಸ್‌ಪೋಸ್ ಮೈನಸ್ 4.

ಪ್ರಶ್ನೆ: ಡ್ರಮ್ಸ್ ಎಷ್ಟು ಜೋರಾಗಿ ಬಾರಿಸಿದರೂ ಸ್ವಿಂಗ್ ಬರುತ್ತಿಲ್ಲ.
– ಓದುಗರು, ಅರಸೀಕೆರೆ

ಉತ್ತರ: ಜೋರಿನಿಂದಲೇ ಬರುತ್ತಿಲ್ಲ. ಬೇಸ್ ಡ್ರಮ್ಮನ್ನು ನಾಲ್ಕೂ ಪೆಟ್ಟಿಗೆ ಕೇಳಿಯೂ ಕೇಳದಷ್ಟು ಮುಟ್ಟಿಸಿ, ಕಾಲಿನ ಹೈಹ್ಯಾಟ್ (ಜೋಡಿ ಸಿಂಬಲ್) 2 ಮತ್ತು 4ನೇ ಪೆಟ್ಟಿಗೆ ಮುಚ್ಚಲಿ. ಚಪ್ಪಾಳೆಯೂ ಅಲ್ಲಿಗೇ; ನಮ್ಮ ಸಭೆ ರೂಢಿಯಂತೆ 1 ಮತ್ತು 3ಕ್ಕೆ ತಟ್ಟಿದರೆ ಅದಕ್ಕೆ ಕಿವಿಗೊಡಬೇಡಿ. ‘ಇನ್ ದ ಮೂಡ್’ ಕೊನೆಗೆ ಪಲ್ಲವಿ ಮೆತ್ತಗೆ, ಇನ್ನೂ ಮೆತ್ತಗೆ ಬಂದು ಒಮ್ಮೆಲೇ ಇಡೀ ತಂಡ ಎದ್ದು ನುಡಿಸುತ್ತದೆ. ಸದ್ದು ತಗ್ಗಿದಾಗ ವೇಗವೂ ತಗ್ಗುವುದು, ಎದ್ದಾಗ ಓಡುವುದು ಹೆಚ್ಚಿನ ತಂಡಗಳ ಚಾಳಿ. ಆ ಭಾಗವನ್ನಷ್ಟೇ ಮೆಟ್ರೊನೋಮ್ ಹಾಕಿಕೊಂಡು, ಡ್ರಮ್ಸ್ ಮತ್ತು ಬೇಸ್ ಇಬ್ಬರೇ ಕೂತು ತಿದ್ದಿಕೊಳ್ಳಿ.