ಕುಡಿತ ಮೊದಲೋ, ಭಯ ಮೊದಲೋ?

ಪ್ರಶ್ನೆ: ಟಂಟಂ ಉರುಳಿ ಕಣ್ಣೆದುರೇ ತಮ್ಮನನ್ನು ಕಳೆದುಕೊಂಡ ನಮ್ಮ ಯಜಮಾನರು ಅಂದಿನಿಂದ ರಾತ್ರಿ ಬೆಚ್ಚಿ ಏಳುತ್ತಾರೆ, ನಿದ್ದೆಗೆಂದು ನಿತ್ಯ ಕುಡಿಯುತ್ತಾರೆ. ಕೋಣೆಯಲ್ಲಿ ಕೂಡಿಹಾಕಿ ಬಿಡಿಸಬಹುದೇ?
– ಓದುಗರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ದಯವಿಟ್ಟು ಕೂಡಿಹಾಕಬೇಡಿ. ನಿತ್ಯ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ 2–3 ದಿನಗಳಲ್ಲಿ ಕೈನಡುಕ, ಫಿಟ್ಸ್, ಇಲ್ಲದ್ದು ಕಾಣುವ ಭ್ರಮೆ ಉಂಟಾಗಿ ಜೀವಕ್ಕೇ ಅಪಾಯವಾಗಬಹುದಾದ್ದರಿಂದ, ಆ ಹಂತವನ್ನು ಮನೋವೈದ್ಯರ ನಿಗಾದಲ್ಲೇ ದಾಟಬೇಕು. ಆದರೆ ಕುಡಿತವನ್ನಷ್ಟೇ ಬಿಡಿಸಿದರೆ ಆ ರಾತ್ರಿಗಳು ಹಾಗೆಯೇ ಉಳಿಯುತ್ತವೆ. ಎರಡಕ್ಕೂ ಚಿಕಿತ್ಸೆ ಜೊತೆಯಾಗಿಯೇ ಸಾಗಬೇಕು. ನುರಿತ ಆಪ್ತಸಮಾಲೋಚಕರು ಅಪಘಾತವನ್ನು ಮೊದಲ ದಿನವೇ ಕೆದಕುವುದಿಲ್ಲ. ಬೆಚ್ಚಿ ಎದ್ದಾಗ ಪಾದಗಳನ್ನು ನೆಲಕ್ಕೂರಿ, ಕಣ್ಣಿಗೆ ಬಿದ್ದ ಐದು ವಸ್ತುಗಳ ಹೆಸರು ಹೇಳುವಂತಹ ಅಭ್ಯಾಸ ಕಲಿಸಿ, ಮನಸ್ಸು ತುಸು ಗಟ್ಟಿಯಾದ ಮೇಲೆ ಆ ನೆನಪಿನತ್ತ ನಿಧಾನವಾಗಿ ಕರೆದೊಯ್ಯುತ್ತಾರೆ. ಯಜಮಾನರು ಒಪ್ಪದಿದ್ದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ನೀವೇ ಕರೆ ಮಾಡಬಹುದು. ಅದು ಉಚಿತ, ಕನ್ನಡದಲ್ಲೇ ಮಾತನಾಡಬಹುದು.